ಕರಿ ಟ್ರಂಕು ಗುಜರಿಗೆ ಹೋಗುವ ಮೊದಲು: ಸೈನಿಕ ಕಲ್ಯಾಣ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಿರ್ದೇಶಕರು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಬೆಂಗಳೂರು
ಹಾಗೂ ಎಲ್ಲ ಜಿಲ್ಲಾ ಕಚೇರಿಗಳ ಮುಖ್ಯಸ್ಥರು

ಮಾನ್ಯರೆ,

ನಿವೃತ್ತ ಸೇನಾಧಿಕಾರಿಯೊಬ್ಬರು ತೀರಿಕೊಂಡಾಗ ಮನೆಯವರು ಮೊದಲು ಬರುವ ಸರ್ಕಾರಿ ಬಾಗಿಲುಗಳಲ್ಲಿ ನಿಮ್ಮದೂ ಒಂದು. ಮರಣ ಪ್ರಮಾಣಪತ್ರ, ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ, ಆಧಾರ್, ಪಾಸ್‌ಬುಕ್, ಪತ್ನಿಯ ಭಾವಚಿತ್ರ, ಏನೇನು ತರಬೇಕೆಂದು ನಿಮ್ಮ ಸಿಬ್ಬಂದಿ ಬಾಯಿಪಾಠದಂತೆ ಹೇಳಿಬಿಡುತ್ತಾರೆ. ಅದರಲ್ಲಿ ನಮಗೆ ತಕರಾರಿಲ್ಲ. ನಾವು ಬರೆಯುತ್ತಿರುವುದು ಅದೇ ಹೊತ್ತಿಗೆ ಅವರ ಮನೆಯಲ್ಲಿ ನಡೆಯುತ್ತಿರುವ ಇನ್ನೊಂದು ಕೆಲಸದ ಬಗ್ಗೆ. ಉತ್ತರಕ್ರಿಯೆ ಮುಗಿದು, ದೂರದಿಂದ ಬಂದ ಮಕ್ಕಳು ಹೊರಡುವ ಮೊದಲು ಯಜಮಾನರ ಕೋಣೆ ಖಾಲಿ ಮಾಡುತ್ತಾರೆ. ಸಮವಸ್ತ್ರ ಯಾರಿಗೋ ದಾನ, ಕಾಗದದ ಕಟ್ಟು ಹಂಡೆ ಒಲೆಗೆ, ಕರಿ ಟ್ರಂಕು ತೂಕದ ಲೆಕ್ಕದಲ್ಲಿ ಗುಜರಿಗೆ. ಪದಕಗಳು ಮಾತ್ರ ಉಳಿಯುತ್ತವೆ, ಅವೂ ಫ್ರೇಮಿನ ಅಂಗಡಿಯಲ್ಲಿ ಅದಲುಬದಲಾಗಿ.

ನಮ್ಮ ಕೋರಿಕೆ ಒಂದೇ. ಪಿಂಚಣಿ ಕಾಗದ ತುಂಬಿಸುವ ದಿನವೇ ಮನೆಯವರ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡಿ: ಏನನ್ನು ಎಸೆಯಬಾರದು, ಏನನ್ನು ಒಪ್ಪಿಸಬೇಕು, ಏನನ್ನು ಮುಟ್ಟಲೇಬಾರದು. ಆ ಹಾಳೆಯಲ್ಲಿ ಏನಿರಬೇಕು, ಯಾಕಿರಬೇಕು ಎಂಬುದನ್ನು ಕೆಳಗೆ ಬಿಡಿಸಿ ಬರೆದಿದ್ದೇವೆ.

ಸೇವಾ ದಾಖಲೆ ಸೇನೆಯ ಬಳಿ ಇದ್ದೇ ಇರುತ್ತದಲ್ಲ ಎನ್ನಬಹುದು. ಇರುತ್ತದೆ. ಸಿಪಾಯಿಗಳ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ, ಅಧಿಕಾರಿಗಳದು ಸೇನಾ ಮುಖ್ಯ ಕಚೇರಿಯಲ್ಲಿ. ನೇಮಕ, ಬಡ್ತಿಗಳ ಅಧಿಸೂಚನೆ ಭಾರತ ಗೆಜೆಟ್ಟಿನಲ್ಲೂ ಸಿಗುತ್ತದೆ. ಆದರೆ ಮನೆಯ ಸಂಗತಿ ಆ ದಾಖಲೆಯೊಳಗೆ ಬರುವುದು ‘ಪಾರ್ಟ್ ಟು ಆರ್ಡರ್’ ಎಂಬ ಒಂದೆರಡು ಸಾಲಿನಲ್ಲಿ. ಮದುವೆಯಾಯಿತು, ಇಂಥ ದಿನ. ಹೆಣ್ಣು ಮಗು ಹುಟ್ಟಿತು, ಇಂಥ ಹೆಸರು. ಅಷ್ಟೇ.

ಕೊಡಗಿನದೇ ಉದಾಹರಣೆ ನೋಡಿ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಸೇವೆಯ ಸಾಲು ಎಲ್ಲರಿಗೂ ಗೊತ್ತು. 1926ರಲ್ಲಿ ಕಮಿಷನ್, ಬರ್ಮಾದ ಅರಾಕಾನ್‌ನಲ್ಲಿ ಬ್ರಿಗೇಡಿನ ನಾಯಕತ್ವ, 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿದ್ದು, 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷತೆ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ. ಈ ಸಾಲಿನಲ್ಲಿ ‘1935, ಕ್ವೆಟ್ಟಾ’ ಎಂಬುದು ಬರೀ ಒಂದು ಪೋಸ್ಟಿಂಗು. ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಗಂಡ ಹೆಂಡತಿ ಅಲ್ಲಿದ್ದಾಗಲೇ ಮೇ 31ರ ನಸುಕಿನಲ್ಲಿ ಭೂಕಂಪ ಊರನ್ನು ನೆಲಸಮ ಮಾಡಿತು. ಗಾಯಾಳುಗಳ ಸೇವೆಗಾಗಿ ಪತ್ನಿ ನೀನಾ ಅವರಿಗೆ ಕೈಸರ್-ಇ-ಹಿಂದ್ (ಜನಸೇವೆಗೆ ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ) ಪದಕ ಬಂತು. ಅದು ಹೆಂಡತಿಯ ಪದಕ. ಗಂಡನ ಸೇವಾ ಪುಸ್ತಕದಲ್ಲಿ ಅದಕ್ಕೆ ಅಂಕಣವೇ ಇಲ್ಲ. ತಿಮ್ಮಯ್ಯನವರ ಸೋದರ ಪೊನ್ನಪ್ಪ ಆಜಾದ್ ಹಿಂದ್ ಫೌಜು ಸೇರಿದ್ದರು, ಇವರು ಎದುರು ಪಾಳಯದಲ್ಲಿ ಬ್ರಿಗೇಡಿಯರ್. ಒಂದೇ ಮನೆಯ ಈ ಎರಡು ದಾರಿಯನ್ನು ಯಾವ ಬಡ್ತಿ ಆದೇಶವೂ ಹೇಳುವುದಿಲ್ಲ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದು ಇನ್ನೂ ವಿಚಿತ್ರ. ಅವರು ನಿವೃತ್ತರಾದದ್ದು 1953ರ ಜನವರಿಯಲ್ಲಿ. ಅವರನ್ನು ಜನ ಅಪ್ಪನಾಗಿ ನೆನೆಯುವ ಪ್ರಸಂಗ ನಡೆದದ್ದು 1965ರ ಯುದ್ಧದಲ್ಲಿ: ವಾಯುಪಡೆಯಲ್ಲಿದ್ದ ಮಗ ಪಾಕಿಸ್ತಾನದ ಕೈಗೆ ಸೆರೆಸಿಕ್ಕಾಗ, ಹಿಂದೆ ತಮ್ಮ ಕೈಕೆಳಗೆ ದುಡಿದಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ತೋರಿದ ವಿಶೇಷ ದಾಕ್ಷಿಣ್ಯವನ್ನು ಅವರು ಒಪ್ಪಲಿಲ್ಲ, ಸೆರೆಯಲ್ಲಿರುವವರೆಲ್ಲ ತಮ್ಮ ಮಕ್ಕಳೇ ಎಂದರು. ಸೇವಾ ದಾಖಲೆ ಮುಚ್ಚಿ ಹನ್ನೆರಡು ವರ್ಷವಾಗಿತ್ತು. (1986ರಲ್ಲಿ ಫೀಲ್ಡ್ ಮಾರ್ಷಲ್ ಆದ ಮೇಲೆ ಅವರು ಮತ್ತೆ ‘ನಿವೃತ್ತ’ರಲ್ಲ; ಆ ಹುದ್ದೆಗೆ ನಿವೃತ್ತಿಯಿಲ್ಲ. ಅವರ ಹೆಸರಿನ ಮುಂದೆ ಈಗಲೂ ಆ ಪದ ಅಂಟಿಸುವವರು ಗಮನಿಸಬೇಕು.)

ದೊಡ್ಡವರ ಕಥೆ ಹೇಗೋ ಉಳಿಯಿತು. ಬಹಳ ವರ್ಷ ಸಾರಿಗೆ ಕಚೇರಿಯಾಗಿದ್ದ ಮಡಿಕೇರಿಯ ‘ಸನ್ನಿಸೈಡ್’ ಕೂಡ 2021ರ ಫೆಬ್ರವರಿ 6ರಂದು ತಿಮ್ಮಯ್ಯನವರ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮೇಜರ್ ಆಗಿಯೋ ಲೆಫ್ಟಿನೆಂಟ್ ಕರ್ನಲ್ ಆಗಿಯೋ ನಿವೃತ್ತರಾಗಿ, ಸೋಮವಾರಪೇಟೆಯಲ್ಲೋ ಧಾರವಾಡದಲ್ಲೋ ಸೈಟು ಕೊಂಡು ಮನೆ ಕಟ್ಟಿ, ತೋಟ ಮಾಡಿಕೊಂಡು ಇದ್ದವರ ಮನೆ ವಸ್ತುಸಂಗ್ರಹಾಲಯ ಆಗುವುದಿಲ್ಲ. ಅವರದು ಟ್ರಂಕಿನಲ್ಲಷ್ಟೇ ಉಳಿಯಬೇಕು.

ಆ ಟ್ರಂಕಿನಿಂದಲೇ ಶುರುಮಾಡೋಣ. ಕಪ್ಪು ಬಣ್ಣ ಬಳಿದ ತಗಡಿನ ಪೆಟ್ಟಿಗೆ, ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್. ಬಡ್ತಿ ಸಿಕ್ಕಾಗ ಹೊಸದು ಕೊಳ್ಳುತ್ತಿರಲಿಲ್ಲ, ಹಳೆಯ ಅಕ್ಷರದ ಮೇಲೆ ಕಪ್ಪು ಬಳಿದು ಹೊಸ ಹುದ್ದೆ ಬರೆಸುತ್ತಿದ್ದರು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ‘ಮೇಜರ್’ ಕೆಳಗೆ ‘ಕ್ಯಾಪ್ಟನ್’ ಉಬ್ಬಿ ಕಾಣುತ್ತದೆ, ಅದರ ಕೆಳಗೆ ಹಳೆಯ ಪಲ್ಟನ್. ಮೂಲೆಯಲ್ಲಿ ರೈಲ್ವೆ ಲಗೇಜ್ ಚೀಟಿಯ ಚೂರುಗಳು ಅಂಟಿಕೊಂಡಿರುತ್ತವೆ. ಮರಳುಕಾಗದ ಹಾಕಿ ಉಜ್ಜಿ, ಪೇಂಟ್ ಹೊಡೆಸಿ, ಅಕ್ಕಿ ತುಂಬಲು ಇಟ್ಟುಕೊಂಡರೆ ಇದೆಲ್ಲ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಮೊದಲು ಓರೆಬೆಳಕಿನಲ್ಲಿ ಎಲ್ಲ ಮಗ್ಗುಲಿನ ಫೋಟೋ ತೆಗೆಯಿರಿ, ಆಮೇಲೆ ತುಕ್ಕು ಹಿಡಿದ ತಳಕ್ಕೆ ಮಾತ್ರ ಬಣ್ಣ ಬಳಿಯಿರಿ ಎಂದು ಹಾಳೆಯಲ್ಲಿರಲಿ.

ಟ್ರಂಕಿನೊಳಗೆ ಒಂದು ಸಣ್ಣ ನೋಟುಬುಕ್ಕು ಸಿಗುವುದುಂಟು. ‘ಪೆಟ್ಟಿಗೆ 1: ಸ್ಟೀಲ್ ಪಾತ್ರೆ, ಕುಕ್ಕರ್. ಪೆಟ್ಟಿಗೆ 7: ಮಕ್ಕಳ ಪುಸ್ತಕ, ದೇವರ ಪಟ’. ವರ್ಗಾವಣೆಯ ಸಾಮಾನು ಪಟ್ಟಿ ಅದು. ಮನೆಯವರು ಮೊದಲು ಎಸೆಯುವುದು ಇದನ್ನೇ. ಒಂದು ಸಂಸಾರ ಯಾವ ವರ್ಷ ಯಾವ ಊರಿಗೆ ಹೋಯಿತು, ತೊಟ್ಟಿಲು ಯಾವಾಗ ಪಟ್ಟಿ ಸೇರಿತು, ಹೊಲಿಗೆ ಯಂತ್ರ ಯಾವಾಗ ಬಂತು, ಎಲ್ಲವೂ ದಿನಾಂಕದ ಸಮೇತ ಇನ್ನೆಲ್ಲೂ ಸಿಗದು. ನಮ್ಮನ್ನು ಕೇಳಿದರೆ ಪದಕಕ್ಕಿಂತ ಮೊದಲು ಇದನ್ನು ಎತ್ತಿಡಿ ಎನ್ನುತ್ತೇವೆ.

ಹೀಗೆಯೇ ಕಡೆಗಣಿಸುವ ಇನ್ನೊಂದು ಕಾಗದ, ಮಕ್ಕಳ ಶಾಲೆಯ ವರ್ಗಾವಣೆ ಪತ್ರ. ಅಪ್ಪ ಎಲ್ಲಿದ್ದರೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲದಿದ್ದರೂ ಕೇಂದ್ರೀಯ ವಿದ್ಯಾಲಯದ ಟಿಸಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಕುಟುಂಬ ಜೊತೆಗಿದ್ದ ಊರುಗಳೆಲ್ಲ ಸಿಗುತ್ತವೆ. ನಡುವೆ ಮಕ್ಕಳು ಎರಡು ಮೂರು ವರ್ಷ ಅಜ್ಜಿ ಮನೆಯ ಶಾಲೆಯಲ್ಲಿದ್ದರೆ, ಆಗ ಅಪ್ಪ ಬಹುತೇಕ ಕುಟುಂಬ ಕರೆದೊಯ್ಯಲಾಗದ ಫೀಲ್ಡ್ ಜಾಗದಲ್ಲಿದ್ದರೆಂದು ಅರ್ಥ. ಅಂಥ ಅವಧಿಯಲ್ಲಿ ಮನೆಗೆ ಬರುತ್ತಿದ್ದುದು ರಜೆಯಲ್ಲಿ. ಅಧಿಕಾರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಸಾಂದರ್ಭಿಕ ರಜೆ, ಅದೂ ಸಿಕ್ಕರೆ. ‘ಅವರು ಒಳ್ಳೆಯ ಕುಟುಂಬವತ್ಸಲ’ ಎಂದು ಶ್ರದ್ಧಾಂಜಲಿಯಲ್ಲಿ ಬರೆಯುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು. ಮಗಳು ಒಂದನೇ ಕ್ಲಾಸಿನಿಂದ ಮೂರನೇ ಕ್ಲಾಸು ಮುಗಿಸುವವರೆಗೆ ಅಪ್ಪನನ್ನು ನೋಡಿದ ದಿನ ಎಷ್ಟು, ಆ ದಿನಗಳಲ್ಲಿ ಅವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಬರೆದರೆ ವಿಶೇಷಣವೇ ಬೇಕಾಗುವುದಿಲ್ಲ.

ಅದಕ್ಕೆ ಸುಲಭದ ದಾರಿ ಎರಡು ಅಂಕಣದ ಪಟ್ಟಿ. ಉದ್ದ ಹಾಳೆಯ ಎಡಕ್ಕೆ ವರ್ಷ, ಪಲ್ಟನ್, ಊರು, ಹುದ್ದೆ. ಬಲಕ್ಕೆ ಅದೇ ವರ್ಷ ಮನೆಯಲ್ಲಿ ಆದದ್ದು. ಎಡ ಅಂಕಣವನ್ನು ಕಾಗದ ನೋಡಿ ತುಂಬಿಸಿ; ಬಲ ಅಂಕಣಕ್ಕೆ ಪತ್ನಿಯ ಬಳಿ ಕೂತು ಕೇಳಿ. ‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ತುಂಬ ಒಳ್ಳೆಯವರು’ ಎಂಬ ಉತ್ತರ ಬಂದು ಅಲ್ಲಿಗೆ ನಿಲ್ಲುತ್ತದೆ. ‘ಆ ಊರಲ್ಲಿ ಹಾಲು ಎಲ್ಲಿಂದ ತರುತ್ತಿದ್ದಿರಿ?’, ‘1971ರ ಡಿಸೆಂಬರಿನಲ್ಲಿ ಸುದ್ದಿ ಹೇಗೆ ಗೊತ್ತಾಗುತ್ತಿತ್ತು?’, ‘ಈ ಪೆಟ್ಟಿಗೆ ಕಟ್ಟಿದ್ದು ಯಾರು?’ ಎಂದು ಕೇಳಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. ಫ್ಯಾನ್ ಆರಿಸಿ. ಮೊದಲ ವಾಕ್ಯದಲ್ಲೇ ದಿನಾಂಕ ಮತ್ತು ಮಾತಾಡುವವರ ಹೆಸರು ಹೇಳಿಸಿ.

ಕಾಗದಗಳ ವಿಷಯಕ್ಕೆ ಬಂದರೆ, ಲಕೋಟೆ ಎಸೆಯಬೇಡಿ. ಫೀಲ್ಡಿನಿಂದ ಬರೆದ ಪತ್ರದಲ್ಲಿ ಊರಿನ ಹೆಸರು ಇರುವುದಿಲ್ಲ, ‘ಕೇರಾಫ್ 56 ಎಪಿಒ’ ಅಥವಾ ‘99 ಎಪಿಒ’ ಎಂದಷ್ಟೇ (ಎಪಿಒ ಎಂದರೆ ಸೇನೆಯ ಅಂಚೆ ಕಚೇರಿ). 56 ಎಂದರೆ ಸ್ಥೂಲವಾಗಿ ಉತ್ತರ, ಪಶ್ಚಿಮ. 99 ಎಂದರೆ ಪೂರ್ವ, ಈಶಾನ್ಯ. ಒಳಗಿನ ಪತ್ರಕ್ಕೆ ತಾರೀಖು ಹಾಕದಿದ್ದರೂ ಮೊಹರಿನಲ್ಲಿ ತಾರೀಖೂ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆಯೂ ಇರುತ್ತವೆ. ಇನ್‌ಲ್ಯಾಂಡ್ ಪತ್ರ ಮಡಿಕೆಯಲ್ಲಿ ಹರಿದಿದ್ದರೆ ಸೆಲ್ಲೋಟೇಪ್ ಅಂಟಿಸಬಾರದು. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಶಾಯಿಯನ್ನೂ ಎಳೆದುಕೊಳ್ಳುತ್ತದೆ. ಬಿಡಿಸಿ, ಎರಡು ಬಿಳಿ ಹಾಳೆಯ ನಡುವೆ ಇಟ್ಟು, ಮೇಲೊಂದು ದಪ್ಪ ಪುಸ್ತಕ ಹೇರಿದರೆ ಸಾಕು. ಪಿನ್ನು, ರಬ್ಬರ್ ಬ್ಯಾಂಡು ತೆಗೆದುಬಿಡಿ. ಕೊಡಗು, ಮಲೆನಾಡಿನ ಮಳೆಗಾಲದಲ್ಲಿ ಪಿನ್ನಿನ ತುಕ್ಕು ಹತ್ತು ಹಾಳೆಯವರೆಗೆ ಇಳಿಯುತ್ತದೆ.

ಫೋಟೋಗಳಲ್ಲಿ ಹೆಚ್ಚು ಹಾನಿಯಾಗುವುದು ಗುಂಪುಚಿತ್ರಕ್ಕೆ. ಅಕಾಡೆಮಿಯ ಕೋರ್ಸಿನದೋ ಪಲ್ಟನ್ನಿನ ಅಧಿಕಾರಿಗಳದೋ ದೊಡ್ಡ ಚಿತ್ರ; ಕೆಳಗಿನ ರಟ್ಟಿನ ಮೇಲೆ ‘ಕೂತವರು, ಎಡದಿಂದ ಬಲಕ್ಕೆ’ ಎಂದು ಹೆಸರುಗಳ ಸಾಲು ಅಚ್ಚಾಗಿರುತ್ತದೆ. ಹೊಸ ಫ್ರೇಮಿಗೆ ಹೊಂದಲೆಂದು ಅಂಗಡಿಯವರು ಕತ್ತರಿಸುವುದು ಸರಿಯಾಗಿ ಆ ರಟ್ಟನ್ನೇ. ಅಲ್ಲಿಗೆ ನಲವತ್ತು ಮಂದಿ ಹೆಸರು ಕಳೆದುಕೊಳ್ಳುತ್ತಾರೆ. ಬಿಡಿಫೋಟೋಗಳ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದೆ ಗೀರು ಮೂಡುತ್ತದೆ. ಮೆತ್ತನೆ ಪೆನ್ಸಿಲ್ ಬಳಸಿ. ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಮ್ಮುಗಳಿಂದ ಫೋಟೋ ಕೀಳಲು ಹೋಗಬೇಡಿ. ಪುಟದ ಸಮೇತ ಸ್ಕ್ಯಾನ್ ಮಾಡಿ: ಕಾಗದಕ್ಕೆ 300 ಡಿಪಿಐ, ಫೋಟೋಗೆ 600. ಕಡತದ ಹೆಸರು ಇಸವಿಯಿಂದ ಶುರುವಾಗಲಿ. ಮೂರು ಪ್ರತಿ ಇಟ್ಟು, ಒಂದು ಬೇರೆ ಊರಿನಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಈಗ ಪದಕಗಳು. ಮೊದಲನೆಯದಾಗಿ, ಬ್ರಾಸೋ ಪಾಲಿಶ್ ಹಾಕಿ ತಿಕ್ಕಬೇಡಿ. ಹುಣಸೆಹಣ್ಣಂತೂ ಬೇಡವೇ ಬೇಡ. ಬಹುಪಾಲು ಪದಕಗಳ ಅಂಚಿನ ದಪ್ಪದಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತವೆ. ವರ್ಷವರ್ಷವೂ ತಿಕ್ಕಿದರೆ ಸವೆಯುವುದು ಅದೇ. ಆ ಬರಹವನ್ನು ಓದಲು ಪದಕವನ್ನು ನಿಧಾನ ತಿರುಗಿಸುತ್ತ ಟಾರ್ಚು ಪಕ್ಕದಿಂದ ಬಿಡಬೇಕು. ಅಲ್ಲಿ ಕಾಣುವುದು ಪದಕ ಗಳಿಸಿದ ಕಾಲದ ಹುದ್ದೆ, ನಿವೃತ್ತಿಯ ಹುದ್ದೆ ಅಲ್ಲ. ‘ಕರ್ನಲ್ ಎಂದಿರಬೇಕಿತ್ತು, ತಪ್ಪು ಕೊರೆದಿದ್ದಾರೆ’ ಎಂದು ತಿದ್ದಿಸಲು ಹೋಗಬಾರದು. ಮೆತ್ತನೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ರಿಬ್ಬನ್ ಮಾಸಿದೆಯೆಂದು ಕಿತ್ತು ಹೊಸದು ಹಾಕಿಸಿದರೆ ಅದರ ಮೇಲಿನ ಸಣ್ಣ ಪಟ್ಟಿಯೂ ಚಿಹ್ನೆಯೂ ಕಳೆಯುತ್ತವೆ. ‘ಜಮ್ಮು ಕಾಶ್ಮೀರ’, ‘ಹಿಮಾಲಯ’ ಎಂದು ಬರೆದ ಪಟ್ಟಿಯೇ ಅವರು ಎಲ್ಲಿದ್ದರೆಂಬುದಕ್ಕೆ ಸಾಕ್ಷಿ. ರಿಬ್ಬನ್ನಿನ ಮೇಲೆ ಒಂದು ಪುಟ್ಟ ಕಮಲದೆಲೆ ಕಂಡರೆ ಅಲಂಕಾರವೆಂದು ತಿಳಿಯಬೇಡಿ. ಅದು ‘ಮೆನ್ಷನ್ ಇನ್ ಡಿಸ್ಪ್ಯಾಚಸ್’, ಅಂದರೆ ಸೇನೆಯ ವರದಿಯಲ್ಲಿ ಹೆಸರಿಸಿದ ಗೌರವ, ಸಿಕ್ಕವರ ಗುರುತು. ಫ್ರೇಮ್ ಹಾಕಿಸುವಾಗ ಎಲ್ಲಕ್ಕಿಂತ ಹಿರಿಯ ಪದಕ ನೋಡುವವರ ಎಡಗಡೆ ಬರಬೇಕು, ಯಾಕೆಂದರೆ ಎದೆಯ ಮೇಲೆ ಅದು ನಡುಮಧ್ಯಕ್ಕೆ ಹತ್ತಿರ ಇರುತ್ತದೆ. ಅಂಗಡಿಯವರು ದೊಡ್ಡದು ಚಿಕ್ಕದು ನೋಡಿ ಜೋಡಿಸುತ್ತಾರೆ, ಹಾಗಾಗಿ ತೆಗೆಯುವ ಮೊದಲು ಇದ್ದ ಕ್ರಮದ ಫೋಟೋ ಇಟ್ಟುಕೊಳ್ಳಿ. ಮೆಸ್ಸಿನ ಔತಣದ ಉಡುಪಿಗೆ ಹಾಕುವ ಪುಟಾಣಿ ಪದಕಗಳನ್ನು ಇವುಗಳ ಜೊತೆ ಬೆರೆಸಬೇಡಿ. ಸ್ಮಾರಕದ ಬಳಿ ಮನೆಯವರು ಧರಿಸುವುದಾದರೆ ಬಲ ಎದೆಯ ಮೇಲೆ. ಎಡ ಎದೆ ಗಳಿಸಿದವರದು.

ಪದಕದ ಹೆಸರಿನಲ್ಲಿ ಪತ್ರಿಕೆಗಳು ಎಡವುವುದನ್ನು ನೋಡಿ ನೋಡಿ ನಮಗೆ ಸಾಕಾಗಿದೆ. 1967ಕ್ಕೆ ಮುಂಚೆ ಅಶೋಕ ಚಕ್ರಕ್ಕೆ ಮೂರು ವರ್ಗಗಳಿದ್ದವು. ಎರಡನೇ ವರ್ಗ ಈಗಿನ ಕೀರ್ತಿ ಚಕ್ರ, ಮೂರನೇ ವರ್ಗ ಈಗಿನ ಶೌರ್ಯ ಚಕ್ರ. ಹಳೆಯ ಕಾಗದದಲ್ಲಿ ‘ಅಶೋಕ ಚಕ್ರ, ವರ್ಗ 3’ ಎಂದಿದ್ದುದು ಶ್ರದ್ಧಾಂಜಲಿಯಲ್ಲಿ ‘ಅಶೋಕ ಚಕ್ರ ಪುರಸ್ಕೃತ’ ಆಗಿಬಿಡುತ್ತದೆ. ಗೊತ್ತಿರುವ ಯಾರೋ ಅದನ್ನು ಎತ್ತಿ ತೋರಿಸಿದಾಗ ಮನೆಯವರು ಸುಳ್ಳು ಹೇಳಿದಂತೆ ಕಾಣುತ್ತದೆ, ಪಾಪ. ಸೇನಾ ಮೆಡಲ್ಲಿನಲ್ಲೂ ಶೌರ್ಯಕ್ಕೆ ಕೊಟ್ಟದ್ದು ಬೇರೆ, ವಿಶಿಷ್ಟ ಸೇವೆಗೆ ಕೊಟ್ಟದ್ದು ಬೇರೆ. ಹಾಗೆಯೇ 1971ರಲ್ಲಿ ಪದಾತಿ ಬೆಟಾಲಿಯನ್ ನಡೆಸುತ್ತಿದ್ದವರು ಲೆಫ್ಟಿನೆಂಟ್ ಕರ್ನಲ್, ಈಗ ಕರ್ನಲ್. ಹಳೆಯವರ ಹುದ್ದೆಯನ್ನು ಇಂದಿನ ಅಳತೆಯಲ್ಲಿ ಏರಿಸಬಾರದು. ಸುಬೇದಾರ್ ಮೇಜರ್ ಆಗಿದ್ದು ನಿವೃತ್ತಿಯ ಹೊತ್ತಿಗೆ ‘ಆನರರಿ ಕ್ಯಾಪ್ಟನ್’ ಆದವರ ಹೆಸರಿನಿಂದ ‘ಆನರರಿ’ ತೆಗೆದುಹಾಕುವುದು ಗೌರವ ಹೆಚ್ಚಿಸಿದಂತಲ್ಲ. ಸಿಪಾಯಿಯಾಗಿ ಸೇರಿ ಅಲ್ಲಿಯವರೆಗೆ ಹತ್ತಿದ ಕಥೆಯನ್ನೇ ಅಳಿಸಿದಂತೆ.

ರೆಜಿಮೆಂಟಿನ ಹೆಸರಿನಲ್ಲೂ ಹೀಗೆ. ತಿಮ್ಮಯ್ಯನವರಿದ್ದ 4/19 ಹೈದರಾಬಾದ್ (19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್) ಎಂದರೆ ಹೈದರಾಬಾದ್ ಊರಿನ ಪಲ್ಟನ್ ಅಲ್ಲ. ಆ ರೆಜಿಮೆಂಟೇ 1945ರಲ್ಲಿ ಕುಮಾವೂಂ ಎಂದು ಹೆಸರು ಬದಲಿಸಿಕೊಂಡಿತು. ಕಾಗದದಲ್ಲಿ ಹೇಗಿದೆಯೋ ಹಾಗೇ ಬರೆದು, ಪಕ್ಕದಲ್ಲಿ ಈಗಿನ ಹೆಸರು ಕೊಟ್ಟರೆ ಸರಿ.

ಸಮವಸ್ತ್ರದ ಬಗ್ಗೆ ಚುಟುಕಾಗಿ: ಉಣ್ಣೆಯ ಕೋಟನ್ನು ಒಗೆಸಬೇಡಿ. ಮೆತ್ತನೆ ಬ್ರಷ್ ಹಾಕಿ, ನೆರಳಿನಲ್ಲಿ ಗಾಳಿಯಾಡಿಸಿ, ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಹಿತ್ತಾಳೆ ಗುಂಡಿಯ ಕೆಳಗೆ ಕಾಗದ ಸಿಕ್ಕಿಸದಿದ್ದರೆ ಕಿಲುಬು ಬಟ್ಟೆಗೆ ಹಸಿರಾಗಿ ಇಳಿಯುತ್ತದೆ. ನುಸಿಗುಳಿಗೆ ಬಟ್ಟೆಗಾಗಲಿ ಲೋಹಕ್ಕಾಗಲಿ ತಾಗದಂತೆ ಸಣ್ಣ ಚೀಲದಲ್ಲಿರಲಿ. ಬೇವಿನ ಸೊಪ್ಪು ಹಸಿಯಾಗಿ ಹಾಕಿದರೆ ಅದೇ ತೇವ, ಅದೇ ಕಲೆ. ಪೆಟ್ಟಿಗೆ ಅಟ್ಟದಲ್ಲೂ ಬೇಡ, ಹೊರಗೋಡೆಗೆ ಒತ್ತಿಯೂ ಬೇಡ. ಒಳಕೋಣೆಯಲ್ಲಿ ನಾಲ್ಕು ಇಟ್ಟಿಗೆಯ ಮೇಲಿಟ್ಟು, ಜನವರಿ ಫೆಬ್ರವರಿಯ ಒಣಹವೆಯಲ್ಲಿ ಒಮ್ಮೆ ತೆರೆದು ನೋಡಿ.

ಇನ್ನು ಮುಟ್ಟಬಾರದವು, ಒಪ್ಪಿಸಬೇಕಾದವು. ಇದು ನಿಮ್ಮ ಹಾಳೆಯಲ್ಲಿ ದಪ್ಪಕ್ಷರದಲ್ಲಿರಲಿ. ನೆನಪಿಗೆಂದು ತಂದಿಟ್ಟ ಗುಂಡು, ಶೆಲ್ಲಿನ ಚಿಪ್ಪು, ಗ್ರೆನೇಡಿನಂಥದ್ದು ಸಿಕ್ಕರೆ ‘ಖಾಲಿ ಇರಬೇಕು’ ಎಂಬ ಊಹೆ ಬೇಡ. ಇದ್ದಲ್ಲೇ ಬಿಟ್ಟು, ಕೋಣೆಗೆ ಬೀಗ ಹಾಕಿ, ಪೊಲೀಸರಿಗೆ ಫೋನು ಮಾಡಿ. ಲೈಸೆನ್ಸಿನ ಬಂದೂಕು ಯಜಮಾನರ ಹೆಸರಿನದು. ಅವರು ಹೋದ ಮೇಲೆ ಬೀರುವಿನಲ್ಲಿ ಸುಮ್ಮನಿಟ್ಟುಕೊಂಡರೂ ಅಪರಾಧ. ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆದು, ಆಮೇಲೆ ವಾರಸುದಾರರು ಅರ್ಜಿ ಹಾಕಬಹುದು. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ ನಿಜ, ಆದರೆ ಸೇನಾಧಿಕಾರಿಗಳ ಮನೆಯೆಲ್ಲ ಕೊಡಗಿನಲ್ಲಿಲ್ಲ. ‘ಸೀಕ್ರೆಟ್’, ‘ಕಾನ್ಫಿಡೆನ್ಷಿಯಲ್’ ಮುದ್ರೆಯ ಕಾಗದ, ಗುರುತು ಹಾಕಿದ ನಕಾಶೆ ಸಿಕ್ಕರೆ ಸ್ಕ್ಯಾನ್ ಮಾಡಬೇಡಿ, ಕುಟುಂಬದ ಗುಂಪಿನಲ್ಲೂ ಹಾಕಬೇಡಿ. ಮುಚ್ಚಿದ ಲಕೋಟೆಯಲ್ಲಿ ಹತ್ತಿರದ ಸೇನಾ ಸ್ಟೇಷನ್ ಹೆಡ್‌ಕ್ವಾರ್ಟರ್ಸಿಗೆ ತಲುಪಿಸಿ. ಪತ್ರಿಕೆಯ ಪ್ರಕಟಣೆಯಲ್ಲಿ ಸೇವಾ ಸಂಖ್ಯೆ, ಪಿಪಿಒ ಸಂಖ್ಯೆ, ಪೂರ್ತಿ ಜನ್ಮದಿನಾಂಕ ಹಾಕಬಾರದು. ಅವನ್ನು ಹಿಡಿದು ‘ಪಿಂಚಣಿ ಕಚೇರಿಯಿಂದ ಮಾತಾಡುತ್ತಿದ್ದೇವೆ’ ಎಂದು ಫೋನು ಬರುತ್ತದೆ.

ರಾಷ್ಟ್ರಧ್ವಜದ ವಿಷಯ ಹೇಳಲೇಬೇಕು. ಸರ್ಕಾರಿ, ಸೇನಾ ಅಥವಾ ಕೇಂದ್ರ ಅರೆಸೇನಾ ಪಡೆಗಳ ಗೌರವದ ಅಂತ್ಯಕ್ರಿಯೆಯಲ್ಲಿ ಮಾತ್ರ ಶವಪೆಟ್ಟಿಗೆಗೆ ಧ್ವಜ ಹೊದಿಸಬಹುದು, ಕೇಸರಿ ಪಟ್ಟಿ ತಲೆಯ ಕಡೆಗೆ. ಮನೆಯವರೇ ಅಂಗಡಿಯಿಂದ ತಂದು ಹೊದಿಸುವುದು ಧ್ವಜ ಸಂಹಿತೆಗೆ ವಿರುದ್ಧ. ಹೊದಿಸಿದ ಧ್ವಜ ಚಿತೆಗೂ ಹೋಗಬಾರದು, ಗುಂಡಿಗೂ ಇಳಿಯಬಾರದು.

ಪಿಂಚಣಿಯ ನಿಯಮ ನಿಮಗೆ ನಾವು ಹೇಳಬೇಕಿಲ್ಲ. ಆದರೂ ಹಾಳೆಯ ತುದಿಯಲ್ಲಿ ಎರಡು ಮಾತಿದ್ದರೆ ಕೌಂಟರಿನಲ್ಲಿ ಕಣ್ಣೀರು ಕಡಿಮೆಯಾದೀತು. ಹೆಚ್ಚಿನ ದರದ ಕುಟುಂಬ ಪಿಂಚಣಿ, ಅಂದರೆ ಕೊನೆಯ ವೇತನದ ಶೇ 50, ನಿವೃತ್ತರು ತೀರಿಕೊಂಡ ಮೇಲೆ 7 ವರ್ಷ ಅಥವಾ ಅವರಿಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. 80ನೇ ವಯಸ್ಸಿನಲ್ಲಿ ತೀರಿಕೊಂಡವರ ಪತ್ನಿಗೆ ನೇರವಾಗಿ ಶೇ 30. ಎರಡನೆಯದು, ಮರಣದ ಸುದ್ದಿಯನ್ನು ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್) ವ್ಯವಸ್ಥೆಗೂ ಬ್ಯಾಂಕಿಗೂ ಕೂಡಲೇ ತಿಳಿಸದಿದ್ದರೆ ಆಮೇಲೆ ಜಮೆಯಾದ ಹಣವನ್ನು ಹಿಂದಕ್ಕೆ ಹಿಡಿಯುತ್ತಾರೆ. ತಡವಾಗಲು ಎಂದಿನ ಕಾರಣ ಹೆಸರು: ಮದುವೆಯ ಪಾರ್ಟ್ ಟು ಆರ್ಡರಿನಲ್ಲಿ ‘ಕಾವೇರಮ್ಮ’, ಆಧಾರಿನಲ್ಲಿ ‘ಕಾವೇರಿ’. ಯಜಮಾನರು ಬದುಕಿರುವಾಗಲೇ ಇದನ್ನು ತಿದ್ದಿಸಿಕೊಳ್ಳುವುದು ಸುಲಭ. ಆದ್ದರಿಂದ ಅವರು ಜೀವಿತ ಪ್ರಮಾಣಪತ್ರಕ್ಕೆ ಬರುವ ನವೆಂಬರಿನಲ್ಲೇ ಪಿಪಿಒ ತೆಗೆದು ಪತ್ನಿಯ ಹೆಸರು ಓದಿ ಹೇಳಿ ಎಂದು ನಿಮ್ಮ ಸಿಬ್ಬಂದಿಗೆ ಸೂಚಿಸಿ.

ಅದೇ ನವೆಂಬರಿನಲ್ಲಿ ಇನ್ನೊಂದು ಕೆಲಸವೂ ಆಗಬಹುದು. ಈ ಹಾಳೆಯನ್ನು ಮರಣದ ನಂತರವಷ್ಟೇ ಅಲ್ಲ, ಆಗಲೇ ಅವರ ಕೈಗೆ ಕೊಡಿ. ಗುಂಪುಚಿತ್ರದಲ್ಲಿ ಯಾರು ಯಾರೆಂದು ಬರೆಯಲು ಅವರಿಗಿಂತ ಬೇರೆ ಜನ ಸಿಗುವುದಿಲ್ಲ. ಎ4 ಅಳತೆ, ಎರಡೂ ಬದಿ, ಅಕ್ಷರ 14 ಪಾಯಿಂಟಿಗಿಂತ ಚಿಕ್ಕದು ಬೇಡ; ಓದುವವರಿಗೆ ಎಪ್ಪತ್ತು ದಾಟಿರುತ್ತದೆ. ಹಿಂಬದಿಯಲ್ಲಿ ಎರಡು ಅಂಕಣದ ಖಾಲಿ ಪಟ್ಟಿ, ಜೊತೆಗೆ ಒಂದು ಪೆನ್ಸಿಲ್.

ಇಂತಿ,
ಮಾಜಿ ಸೈನಿಕರ ಮನೆಗಳ ಕಾಗದಪತ್ರ, ಪದಕಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವವರು